ವೈದ್ಯರ ಅಂತಃಕರಣಕ್ಕೂ ಅಳತೆಗೋಲು: ಪರಾನುಭೂತಿಯನ್ನು ಅಳೆಯುವ ಬಗೆ, ಅದನ್ನು ಏರಿಳಿಸುವ ಕಾರಣಗಳು

ಶಹಾಪುರ ತಾಲ್ಲೂಕಿನ ಶಿರವಾಳ ಹಳೆಯ ಗುಡಿಗಳಿಗೆ ಹೆಸರಾದ ಊರು. ಅಂಥ ಊರಿನ ರೈತರ ಮನೆಯಲ್ಲಿ ಯಾರಿಗಾದರೂ ದೊಡ್ಡ ಜಡ್ಡು ಬಂದರೆ ಹಿಡಿಯುವ ಹಾದಿ ಹೆಚ್ಚೂಕಡಿಮೆ ಗೊತ್ತಿರುವಂಥದ್ದೇ. ಮೊದಲು ಹತ್ತಿರದ ದವಾಖಾನೆ, ಆಮೇಲೆ ಶಹಾಪುರದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಯಾದಗಿರಿಯ ಜಿಲ್ಲಾ ಆಸ್ಪತ್ರೆ, ಅದಕ್ಕೂ ಮೀರಿದರೆ ಕಲಬುರಗಿ ಇಲ್ಲವೇ ರಾಯಚೂರು. ಹೋದವರು ತಿರುಗಿ ಬಂದಾಗ ಮನೆಯವರು ಎರಡು ಮಾತು ಕೇಳುತ್ತಾರೆ. ಒಂದು, ‘ಡಾಕ್ಟರು ಏನಂದ್ರು?’ ಇನ್ನೊಂದು, ‘ಹೆಂಗ ಮಾತಾಡ್ಸಿದ್ರು?’

ಮೊದಲ ಪ್ರಶ್ನೆಗೆ ಉತ್ತರ ಕೊಡಲು ರಕ್ತಪರೀಕ್ಷೆ, ಎಕ್ಸ್‌ರೇ, ಇಸಿಜಿ ಇವೆ. ಎರಡನೆಯ ಪ್ರಶ್ನೆಯನ್ನು ಬಹುಕಾಲ ವೈದ್ಯವಿಜ್ಞಾನ ತನ್ನ ವ್ಯಾಪ್ತಿಗೆ ಸೇರಿದ್ದೆಂದು ಎಣಿಸಿರಲಿಲ್ಲ. ಒಳ್ಳೆಯ ಡಾಕ್ಟರು ಸಿಗುವುದು ಪುಣ್ಯವಿದ್ದಂತೆ ಎಂದು ರೋಗಿಗಳು, ಅದು ಹುಟ್ಟುಗುಣ ಎಂದು ವೈದ್ಯರು ಸುಮ್ಮನಾಗುತ್ತಿದ್ದರು. ಕಳೆದ ಕೆಲವು ದಶಕಗಳ ಸಂಶೋಧನೆ ಈ ನಂಬಿಕೆಯನ್ನು ಬದಲಿಸಿದೆ. ವೈದ್ಯರ ಪರಾನುಭೂತಿಯನ್ನು ಒಂದು ಮಟ್ಟಿಗೆ ಅಳೆಯಬಹುದು. ಅದು ಏರುತ್ತದೆ, ಇಳಿಯುತ್ತದೆ. ಆ ಏರಿಳಿತಕ್ಕೆ ವೈದ್ಯರ ಸ್ವಭಾವದಷ್ಟೇ ಅವರು ಕಲಿತ ಕಾಲೇಜು, ದುಡಿಯುವ ಆಸ್ಪತ್ರೆ, ಸಿಗುವ ಸಮಯ, ಬರುವ ಭಾಷೆಗಳೂ ಕಾರಣ.

ಪರಾನುಭೂತಿ ಎಂದರೇನು?

ವೈದ್ಯಕೀಯದಲ್ಲಿ ಪರಾನುಭೂತಿಗೆ ಮೂರು ಭಾಗಗಳನ್ನು ಹೇಳುತ್ತಾರೆ. ರೋಗಿಯ ಸಂಕಟವನ್ನು ಅವರ ಕಡೆಯಿಂದ ಅರಿಯುವುದು ಮೊದಲನೆಯದು. ಅರಿತದ್ದನ್ನು ಮಾತು, ನೋಟ, ಸ್ಪರ್ಶಗಳ ಮೂಲಕ ರೋಗಿಗೆ ತಿಳಿಯಪಡಿಸುವುದು ಎರಡನೆಯದು. ಆ ಅರಿವಿಗೆ ತಕ್ಕಂತೆ ನೆರವಾಗುವ ಮನಸ್ಸು ಮೂರನೆಯದು. ಈ ಕ್ಷೇತ್ರದಲ್ಲಿ ಹೆಚ್ಚು ಕೆಲಸ ಮಾಡಿದ ಅಮೆರಿಕದ ಮನೋವಿಜ್ಞಾನಿ ಮೊಹಮ್ಮದ್‌ರೆಜಾ ಹೊಜಾತ್ ಇದನ್ನು ಮುಖ್ಯವಾಗಿ ಅರಿವಿಗೆ ಸಂಬಂಧಿಸಿದ ಗುಣವೆಂದು ಪರಿಗಣಿಸಿದರು.

ಮರುಕ ಇದಕ್ಕಿಂತ ಬೇರೆ. ಮಗು ನರಳುವುದನ್ನು ಕಂಡು ವೈದ್ಯರೂ ಕಣ್ಣೀರಿಟ್ಟು ಕೈ ನಡುಗಿಸಿದರೆ ಸೂಜಿ ಹಾಕುವವರು ಯಾರು? ಇನ್ನೊಬ್ಬರ ನೋವು ತನ್ನೊಳಗೇ ನೋವಾಗಿ ತುಂಬಿಕೊಂಡರೆ ವೈದ್ಯರು ಬೇಗ ಬಳಲುತ್ತಾರೆ. ನೋವನ್ನು ಕಂಡು, ಅರಿತು, ಸ್ಥಿರವಾಗಿ ನೆರವಿಗೆ ನಿಲ್ಲುವ ಮನಸ್ಥಿತಿ ಹೆಚ್ಚು ಕಾಲ ಬಾಳುತ್ತದೆ. ಜರ್ಮನಿಯ ನರವಿಜ್ಞಾನಿ ತಾನಿಯಾ ಸಿಂಗರ್ ಮತ್ತು ಸಂಗಡಿಗರು ಈ ಎರಡನ್ನೂ ಬಿಡಿಸಿ ತೋರಿಸಿದ್ದಾರೆ. ಸಂಕಟದಲ್ಲಿ ಮುಳುಗುವುದು ಒಂದು, ಕರುಣೆಯಿಂದ ಮುಂದೆ ಬರುವುದು ಇನ್ನೊಂದು, ಮತ್ತು ಎರಡನೆಯದನ್ನು ಅಭ್ಯಾಸದಿಂದ ಬೆಳೆಸಬಹುದು.

ವೈದ್ಯ ನಿರ್ಲಿಪ್ತನಾಗಿರಬೇಕು ಎಂಬ ವಾದಕ್ಕೂ ದೀರ್ಘ ಇತಿಹಾಸವಿದೆ. 1889ರಲ್ಲಿ ಪೆನ್ಸಿಲ್ವೇನಿಯಾದ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸದಲ್ಲಿ ಆಧುನಿಕ ವೈದ್ಯಶಿಕ್ಷಣದ ಹಿರಿಯ ವಿಲಿಯಂ ಆಸ್ಲರ್ ಸಮಚಿತ್ತವನ್ನೇ ವೈದ್ಯನ ದೊಡ್ಡ ಗುಣವೆಂದರು. ಶಸ್ತ್ರಚಿಕಿತ್ಸೆಯ ಮೇಜಿನ ಬಳಿ ಆ ಗುಣ ಬೇಕೇ ಬೇಕು. ಆದರೆ ಹೊರರೋಗಿ ವಿಭಾಗದಲ್ಲಿ ಕುಳಿತ ಮುದುಕಿಗೆ ಸಮಚಿತ್ತದ ಜೊತೆಗೆ, ತನ್ನ ಮಾತು ಎದುರಿನವರಿಗೆ ಮುಟ್ಟಿತು ಎಂಬ ಭರವಸೆಯೂ ಬೇಕು.

ಅಳೆಯುವುದೇಕೆ?

ಪರಾನುಭೂತಿ ಕೇವಲ ಸೌಜನ್ಯದ ವಿಷಯವಾಗಿದ್ದರೆ ಅಳೆಯುವ ತೊಂದರೆ ಬೇಕಿರಲಿಲ್ಲ. ಅದು ರೋಗದ ಹಿಡಿತಕ್ಕೂ ಸಂಬಂಧಿಸಿದೆ ಎಂಬುದಕ್ಕೆ ಆಧಾರಗಳಿವೆ.

2011ರಲ್ಲಿ ಫಿಲಡೆಲ್ಫಿಯಾದಲ್ಲಿ ಹೊಜಾತ್ ಮತ್ತು ಸಂಗಡಿಗರು 29 ಕುಟುಂಬ ವೈದ್ಯರನ್ನೂ ಅವರಲ್ಲಿ ಚಿಕಿತ್ಸೆ ಪಡೆಯುತ್ತಿದ್ದ 891 ಸಕ್ಕರೆ ಕಾಯಿಲೆಯವರನ್ನೂ ಅಧ್ಯಯನ ಮಾಡಿದರು. ಪರಾನುಭೂತಿಯ ಅಂಕ ಹೆಚ್ಚಿದ್ದ ವೈದ್ಯರ ರೋಗಿಗಳಲ್ಲಿ ಶೇ. 56ರಷ್ಟು ಜನರ ಸಕ್ಕರೆ ಹತೋಟಿಯಲ್ಲಿತ್ತು. ಅಂಕ ಕಡಿಮೆಯಿದ್ದವರ ರೋಗಿಗಳಲ್ಲಿ ಈ ಪ್ರಮಾಣ ಶೇ. 40. ಮರುವರ್ಷ ಇಟಲಿಯ ಪಾರ್ಮಾ ಪ್ರಾಂತ್ಯದಲ್ಲಿ 242 ವೈದ್ಯರ 20,961 ಮಧುಮೇಹಿಗಳ ದಾಖಲೆಗಳನ್ನು ನೋಡಿದಾಗಲೂ ಇಂಥದ್ದೇ ಚಿತ್ರ ಕಂಡಿತು. ಸಕ್ಕರೆ ಅತಿಯಾಗಿ ಏರಿ ಪ್ರಜ್ಞೆ ತಪ್ಪುವಂಥ ತುರ್ತು ಸ್ಥಿತಿಗೆ ಜಾರಿ ಆಸ್ಪತ್ರೆ ಸೇರಿದವರು, ಹೆಚ್ಚು ಅಂಕದ ವೈದ್ಯರ ಕೈಕೆಳಗೆ ಸಾವಿರಕ್ಕೆ 4. ಕಡಿಮೆ ಅಂಕದವರಲ್ಲಿ 6.5.

ಇದರ ಹಿಂದೆ ಪವಾಡವೇನೂ ಇಲ್ಲ. ನಂಬಿಕೆ ಬಂದ ರೋಗಿ ಮುಚ್ಚಿಡದೆ ಹೇಳುತ್ತಾರೆ. ಗುಳಿಗೆ ಬಿಟ್ಟದ್ದನ್ನು, ದುಡ್ಡು ಇಲ್ಲದ್ದನ್ನು, ಕುಡಿಯುವ ಚಟವನ್ನು, ನಾಟಿ ಔಷಧ ತೆಗೆದುಕೊಂಡದ್ದನ್ನು ಬಾಯಿಬಿಟ್ಟು ಹೇಳಿದಾಗಲೇ ರೋಗನಿರ್ಣಯ ಸರಿಯಾಗುತ್ತದೆ. ಬೈಸಿಕೊಂಡು ಹೋದವರು ಮುಂದಿನ ತಿಂಗಳು ಬರುವುದಿಲ್ಲ. ಸಕ್ಕರೆ, ಬಿಪಿ, ಕ್ಷಯದಂಥ ದೀರ್ಘ ಕಾಯಿಲೆಗಳಲ್ಲಿ ತಿರುಗಿ ಬರುವುದೇ ಅರ್ಧ ಚಿಕಿತ್ಸೆ.

ಅಳೆಯುವ ಬಗೆಗಳು

*ವೈದ್ಯರನ್ನೇ ಕೇಳುವುದು*

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಜೆಫರ್ಸನ್ ಮಾಪಕ. ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ಹೊಜಾತ್ ತಂಡ 2001ರಲ್ಲಿ ಇದನ್ನು ಪ್ರಕಟಿಸಿತು. ಇದರಲ್ಲಿ 20 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬುದರಿಂದ ‘ಪೂರ್ತಿ ಒಪ್ಪುತ್ತೇನೆ’ ಎಂಬುದರವರೆಗೆ 1ರಿಂದ 7ರ ಅಂಕ ಹಾಕಬೇಕು. ಒಟ್ಟು ಅಂಕ 20ರಿಂದ 140ರವರೆಗೆ ಬರುತ್ತದೆ. ಹೇಳಿಕೆಗಳಲ್ಲಿ ಅರ್ಧದಷ್ಟು ತಿರುವುಮುರುವು. ಕಣ್ಣುಮುಚ್ಚಿ ಎಲ್ಲಕ್ಕೂ ‘ಹೌದು’ ಎಂದವರಿಗೆ ಹೆಚ್ಚು ಅಂಕ ಸಿಗದಂತೆ ಈ ಏರ್ಪಾಟು. ಮಾಪಕ ಮೂರು ಸಂಗತಿಗಳನ್ನು ತೂಗುತ್ತದೆ: ರೋಗಿಯ ದೃಷ್ಟಿಯಿಂದ ನೋಡುವ ಸಾಮರ್ಥ್ಯ, ಕರುಣೆಯ ಆರೈಕೆ, ರೋಗಿಯ ಜಾಗದಲ್ಲಿ ನಿಂತು ಯೋಚಿಸುವ ಶಕ್ತಿ. ವಿದ್ಯಾರ್ಥಿಗಳಿಗೆ ಬೇರೆ, ವೃತ್ತಿನಿರತರಿಗೆ ಬೇರೆ ರೂಪಗಳಿವೆ. 50ಕ್ಕೂ ಹೆಚ್ಚು ಭಾಷೆಗಳಿಗೆ ಅದು ಅನುವಾದವಾಗಿದೆ.

ಅದಕ್ಕೂ ಮುಂಚಿನದು ಮಾರ್ಕ್ ಡೇವಿಸ್ 1980ರಲ್ಲಿ ರೂಪಿಸಿದ 28 ಹೇಳಿಕೆಗಳ ಸೂಚ್ಯಂಕ. ಇದು ವೈದ್ಯರಿಗಾಗಿಯೇ ಮಾಡಿದ್ದಲ್ಲ, ಎಲ್ಲರಿಗೂ ಅನ್ವಯಿಸುವಂಥದ್ದು. ಇನ್ನೊಬ್ಬರ ಕಷ್ಟ ಕಂಡಾಗ ತಾನೇ ಎಷ್ಟು ಗಾಬರಿಗೊಳ್ಳುತ್ತೇನೆ ಎಂಬುದನ್ನು ಬೇರೆಯಾಗಿ ಅಳೆಯುವುದು ಇದರ ವಿಶೇಷ.

*ರೋಗಿಯನ್ನು ಕೇಳುವುದು*

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಬಡವರ ಬಡಾವಣೆಗಳ ವೈದ್ಯಸೇವೆಯನ್ನು ಅಧ್ಯಯನ ಮಾಡುತ್ತಿದ್ದ ಸ್ಟೂವರ್ಟ್ ಮರ್ಸರ್ 2004ರಲ್ಲಿ ‘ಕೇರ್’ ಎಂಬ ಮಾಪಕವನ್ನು ಪ್ರಕಟಿಸಿದರು. ಇದರಲ್ಲಿ 10 ಪ್ರಶ್ನೆಗಳಿವೆ, ಉತ್ತರಿಸುವವರು ರೋಗಿಗಳು. ವೈದ್ಯರು ಮುಜುಗರವಾಗದಂತೆ ಮಾತಾಡಿಸಿದರೇ, ಹೇಳುವುದನ್ನು ಪೂರ್ತಿ ಹೇಳಲು ಬಿಟ್ಟರೇ, ನಿಜವಾಗಿ ಕೇಳಿಸಿಕೊಂಡರೇ, ತಿಳಿಯುವಂತೆ ವಿವರಿಸಿದರೇ, ಮುಂದೇನು ಮಾಡಬೇಕೆಂಬುದನ್ನು ಕೂಡಿ ತೀರ್ಮಾನಿಸಿದರೇ ಎಂಬ ಧಾಟಿಯ ಪ್ರಶ್ನೆಗಳು. ಪ್ರತಿಯೊಂದಕ್ಕೂ 1ರಿಂದ 5. ಒಟ್ಟು 10ರಿಂದ 50. ಜೆಫರ್ಸನ್ ತಂಡವೂ ರೋಗಿಗಳಿಗಾಗಿ 5 ಪ್ರಶ್ನೆಗಳ ಚಿಕ್ಕ ಮಾಪಕವೊಂದನ್ನು ಮಾಡಿದೆ.

*ನೋಡಿ ಎಣಿಸುವುದು*

ಮೂರನೆಯ ಬಗೆಯಲ್ಲಿ ಒಪ್ಪಿಗೆ ಪಡೆದು ಸಂದರ್ಶನವನ್ನು ಧ್ವನಿಮುದ್ರಿಸುತ್ತಾರೆ. ರೋಗಿ ಭಯ, ದುಃಖ, ಚಿಂತೆಯ ಸುಳಿವು ಕೊಟ್ಟ ಕಡೆಗಳನ್ನೆಲ್ಲ ಗುರುತು ಮಾಡಿ, ವೈದ್ಯರು ಅದಕ್ಕೆ ಸ್ಪಂದಿಸಿದರೋ ಮಾತು ತಿರುಗಿಸಿದರೋ ಎಂದು ಎಣಿಸುತ್ತಾರೆ. 2008ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ 20 ಸಂದರ್ಶನಗಳನ್ನು ಹೀಗೆ ಪರಿಶೀಲಿಸಿದರು. ಅಂಥ 384 ಸಂದರ್ಭಗಳು ಸಿಕ್ಕವು. ವೈದ್ಯರು ಸ್ಪಂದಿಸಿದ್ದು 39ಕ್ಕೆ ಮಾತ್ರ. ಉಳಿದ ಕಡೆ ಮಾತು ಗುಳಿಗೆ, ಸ್ಕ್ಯಾನ್, ಮುಂದಿನ ಭೇಟಿಯ ಕಡೆಗೆ ಹರಿದಿತ್ತು. ವೈದ್ಯ ವಿದ್ಯಾರ್ಥಿಗಳ ಪರೀಕ್ಷೆಯಲ್ಲಿ ತರಬೇತಿ ಪಡೆದ ವ್ಯಕ್ತಿಯೊಬ್ಬರು ರೋಗಿಯಂತೆ ಅಭಿನಯಿಸಿ, ಪರೀಕ್ಷಕರು ಪಟ್ಟಿ ಹಿಡಿದು ಅಂಕ ಕೊಡುವ ಪದ್ಧತಿಯೂ ಇದೇ ಜಾತಿಯದು.

*ಮೆದುಳನ್ನು ನೋಡುವುದು*

2007ರಲ್ಲಿ ತೈವಾನಿನಲ್ಲಿ ಆಕ್ಯುಪಂಕ್ಚರ್ ವೈದ್ಯರಿಗೂ ಸಾಮಾನ್ಯ ಜನರಿಗೂ ಸೂಜಿ ಚುಚ್ಚುವ ದೃಶ್ಯ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಸಾಮಾನ್ಯರ ಮೆದುಳಿನಲ್ಲಿ ನೋವಿಗೆ ಸಂಬಂಧಿಸಿದ ಭಾಗಗಳು ಚುರುಕಾದವು. ವೈದ್ಯರಲ್ಲಿ ಅವು ತಣ್ಣಗಿದ್ದು, ಭಾವನೆಯನ್ನು ಹತೋಟಿಯಲ್ಲಿಡುವ ಭಾಗಗಳು ಕೆಲಸ ಮಾಡುತ್ತಿದ್ದವು. ದಿನವೂ ನೋವು ಕಾಣುವವರ ಮೆದುಳು ತನ್ನನ್ನು ಕಾಯ್ದುಕೊಳ್ಳಲು ಕಲಿಯುತ್ತದೆ. ಈ ರಕ್ಷಣೆ ಇಲ್ಲದಿದ್ದರೆ ಕೆಲಸ ಸಾಗುವುದಿಲ್ಲ. ಅದು ಅತಿಯಾದರೆ ರೋಗಿ ಕಾಣಿಸುವುದಿಲ್ಲ.

ಅಳತೆಗೋಲುಗಳ ಮಿತಿ

ತಾನು ಎಷ್ಟು ಕರುಣಾಳು ಎಂದು ತಾನೇ ಹೇಳುವುದರಲ್ಲಿ ಒಂದು ತೊಡಕಿದೆ. ಒಳ್ಳೆಯವರಾಗಿ ಕಾಣುವ ಆಸೆ ಎಲ್ಲರಿಗೂ ಇರುತ್ತದೆ. 2018ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ಅಧ್ಯಯನವೊಂದು ವೈದ್ಯರು ತಮಗೆ ಕೊಟ್ಟುಕೊಂಡ ಅಂಕವನ್ನೂ ಅವರ ರೋಗಿಗಳು ಕೊಟ್ಟ ಅಂಕವನ್ನೂ ಹೋಲಿಸಿ ನೋಡಿತು. ಎರಡಕ್ಕೂ ತಾಳೆಯಾಗಲಿಲ್ಲ. ಈ ಒಂದು ಫಲಿತಾಂಶ ಸಾಕು, ವೈದ್ಯರ ಸ್ವಂತ ಅಂಕವನ್ನೇ ಕೊನೆಯ ತೀರ್ಪು ಎಂದು ಎಣಿಸಬಾರದು ಎನ್ನಲು.

ರೋಗಿಯ ಅಂಕಕ್ಕೂ ಮಿತಿಯಿದೆ. ಆಸ್ಪತ್ರೆಯ ಆವರಣದಲ್ಲೇ, ಸಿಬ್ಬಂದಿಯ ಎದುರಲ್ಲೇ ಕೇಳಿದರೆ ‘ಚಲೋ ನೋಡ್ಯಾರ್ರಿ’ ಎಂಬ ಉತ್ತರವೇ ಬರುತ್ತದೆ. ನಾಳೆ ಅದೇ ಬಾಗಿಲಿಗೆ ಬರಬೇಕಾದ ಬಡವರು ಬೇರೆ ಹೇಗೆ ಹೇಳಿಯಾರು? ಸರಾಸರಿ ಅಂಕದ ಒಂದೆರಡು ಅಂಶದ ವ್ಯತ್ಯಾಸವನ್ನು ಭಾರಿ ಕುಸಿತವೆಂದು ಬಿಂಬಿಸುವುದೂ ತಪ್ಪು. ವೈದ್ಯಶಿಕ್ಷಣದಲ್ಲಿ ಪರಾನುಭೂತಿ ಕುಸಿಯುತ್ತದೆ ಎಂಬ ವರದಿಗಳಲ್ಲಿ ಕುಸಿತದ ಪ್ರಮಾಣ ಸಣ್ಣದು, ಅದನ್ನು ಹಿಗ್ಗಿಸಿ ಹೇಳಲಾಗುತ್ತಿದೆ ಎಂದು 2010ರಲ್ಲಿ ಜೆರ‍್ರಿ ಕಾಲಿವರ್ ಮತ್ತು ಸಂಗಡಿಗರು ವಾದಿಸಿದರು. ಆದ್ದರಿಂದ ಒಂದೇ ಮಾಪಕವನ್ನು ನೆಚ್ಚದೆ ವೈದ್ಯರ ಮಾತು, ರೋಗಿಯ ಮಾತು, ನೋಡುವವರ ಎಣಿಕೆ ಮೂರನ್ನೂ ಕೂಡಿಸಿ ಓದಬೇಕು. ಮೂರರಲ್ಲಿ ಒಂದಕ್ಕೇ ಹೆಚ್ಚು ಬೆಲೆ ಕೊಡಬೇಕಾಗಿ ಬಂದರೆ ಅದು ರೋಗಿಯ ಮಾತಿಗೆ ಸಲ್ಲಬೇಕು.

ಏರಿಳಿಸುವ ಕಾರಣಗಳು

*ಕಲಿಕೆಯ ವರ್ಷಗಳು*

2009ರಲ್ಲಿ ಹೊಜಾತ್ ತಂಡ ಒಂದೇ ಗುಂಪಿನ ವಿದ್ಯಾರ್ಥಿಗಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿತು. ಮೊದಲೆರಡು ವರ್ಷ ಅಂಕ ನಿಂತಲ್ಲೇ ಇತ್ತು. ರೋಗಿಗಳ ನಡುವೆ ಕಾಲಿಟ್ಟ ಮೂರನೆಯ ವರ್ಷದಲ್ಲಿ ಇಳಿಯಿತು. ರೋಗಿಗಳ ಹತ್ತಿರ ಹೋದಂತೆ ಹೆಚ್ಚಬೇಕಾದದ್ದು ಕಡಿಮೆಯಾದದ್ದು ವೈದ್ಯಶಿಕ್ಷಣದವರನ್ನು ಬೆಚ್ಚಿಬೀಳಿಸಿತು. ದೆಹಲಿಯ ಒಂದು ವೈದ್ಯಕೀಯ ಕಾಲೇಜಿನ 418 ವಿದ್ಯಾರ್ಥಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ ಅಂಕ 140ಕ್ಕೆ 96ರಷ್ಟಿತ್ತು. ಮೊದಲ ವರ್ಷದವರಲ್ಲಿ ಹೆಚ್ಚು, ಮುಂದೆ ಹೋದಂತೆ ಕಡಿಮೆ.

ಇದಕ್ಕೆ ಪಠ್ಯದ ಹೊರೆ ಒಂದು ಕಾರಣ. ಇನ್ನೊಂದು, ಪಠ್ಯದಲ್ಲಿಲ್ಲದ ಪಾಠ. ವಾರ್ಡಿನಲ್ಲಿ ಹಿರಿಯ ವೈದ್ಯರು ‘12ನೇ ಬೆಡ್ಡಿನ ಲಿವರ್’ ಎಂದು ರೋಗಿಯನ್ನು ಕರೆದರೆ, ಹತ್ತಾರು ವಿದ್ಯಾರ್ಥಿಗಳ ಎದುರು ಹೆಣ್ಣುಮಗಳ ಸೆರಗು ಸರಿಸಿ ಪರೀಕ್ಷಿಸಿದರೆ, ಕಿರಿಯರು ಕಲಿಯುವುದು ಅದನ್ನೇ. ಹಾಗೆಯೇ ಹಿರಿಯರು ಸ್ಟೂಲ್ ಎಳೆದು ಕುಳಿತು ‘ಯವ್ವಾ, ರಾತ್ರಿ ನಿದ್ದಿ ಬಂತೇನು?’ ಎಂದು ಕೇಳಿದರೆ ಅದೂ ಹಾಗೇ ದಾಟುತ್ತದೆ.

*ಲಿಂಗ ಮತ್ತು ವಿಭಾಗ*

ಬಹುತೇಕ ಅಧ್ಯಯನಗಳಲ್ಲಿ ಮಹಿಳೆಯರ ಅಂಕ ಪುರುಷರಿಗಿಂತ ತುಸು ಹೆಚ್ಚು. 2002ರಲ್ಲಿ ಅಮೆರಿಕದ 704 ವೈದ್ಯರನ್ನು ಅಳೆದಾಗ ಮನೋವೈದ್ಯರ ಅಂಕ ಹೆಚ್ಚಿತ್ತು. ಅರಿವಳಿಕೆ, ಮೂಳೆ, ರೇಡಿಯಾಲಜಿ ವಿಭಾಗದವರದು ಕಡಿಮೆ. ಅಂಥ ಸ್ವಭಾವದವರು ಆ ವಿಭಾಗ ಆರಿಸಿಕೊಳ್ಳುತ್ತಾರೆ ಎಂಬುದು ಒಂದು ವಿವರಣೆ; ದಿನವೂ ಕೇಳಿಸಿಕೊಳ್ಳುವ ಕೆಲಸವೇ ಮನಸ್ಸನ್ನು ಹದಗೊಳಿಸುತ್ತದೆ ಎಂಬುದು ಇನ್ನೊಂದು.

*ಸಮಯ*

67 ದೇಶಗಳ ಮಾಹಿತಿ ಕೂಡಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯವನ್ನು ಲೆಕ್ಕ ಹಾಕಿತು. ಸ್ವೀಡನ್‌ನಲ್ಲಿ 22 ನಿಮಿಷಕ್ಕೂ ಹೆಚ್ಚು, ಭಾರತದಲ್ಲಿ ಸುಮಾರು 2 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಬೆಳಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ 80 ಜನರನ್ನು ನೋಡಬೇಕಾದ ವೈದ್ಯರಿಗೆ ತಲಾ ಸಿಗುವುದು 3 ನಿಮಿಷ. ಅದರಲ್ಲೇ ಚೀಟಿ ಬರೆಯಬೇಕು, ಕಂಪ್ಯೂಟರಿಗೆ ತುಂಬಬೇಕು. ಎಂಥ ಕರುಣಾಳುವಿಗೂ ಇದು ಕಷ್ಟ.

ಆದರೆ ಸಮಯದ ಕೊರತೆಯೊಂದೇ ನೆಪವಾಗಬಾರದು. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಅಳೆದಾಗ ರೋಗಿ ಮಾತು ಶುರುಮಾಡಿದ ಸರಾಸರಿ 18 ಸೆಕೆಂಡಿನಲ್ಲಿ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. ಅಲ್ಲಿ ಸಮಯದ ಅಭಾವ ನಮ್ಮಷ್ಟಿರಲಿಲ್ಲ. ಸಿಕ್ಕ 3 ನಿಮಿಷದಲ್ಲೇ ಮೊದಲ ಅರ್ಧ ನಿಮಿಷ ತಡೆಯದೆ ಕೇಳಿದರೆ ರೋಗಿಗೆ ಆಗುವ ಸಮಾಧಾನ ದೊಡ್ಡದು.

*ನಿದ್ದೆ ಮತ್ತು ದಣಿವು*

ಇಸ್ರೇಲ್ ಮತ್ತು ಅಮೆರಿಕದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಾತ್ರಿಪಾಳಿ ಮುಗಿಸಿದ ವೈದ್ಯರು ರೋಗಿಯ ನೋವನ್ನು ಕಡಿಮೆಯೆಂದು ಅಂದಾಜಿಸಿದ್ದು ಕಂಡಿತು. ಆಸ್ಪತ್ರೆ ದಾಖಲೆಗಳಲ್ಲೂ ರಾತ್ರಿಪಾಳಿಯಲ್ಲಿ ನೋವಿನ ಔಷಧ ಬರೆದುಕೊಟ್ಟ ಪ್ರಮಾಣ ಕಡಿಮೆಯಿತ್ತು. ನಡುರಾತ್ರಿ ಬಂದ ರೋಗಿಯ ಮೇಲೆ ಡಾಕ್ಟರು ರೇಗಿದರು ಎಂಬ ದೂರಿನ ಹಿಂದೆ ನಿದ್ದೆಗೆಟ್ಟ ಮೆದುಳೂ ಇರುತ್ತದೆ. ನಮ್ಮ ದೇಶದಲ್ಲಿ 1992ರ ರೆಸಿಡೆನ್ಸಿ ನಿಯಮ ಸ್ನಾತಕೋತ್ತರ ವೈದ್ಯರಿಗೆ ವಾರಕ್ಕೆ 48 ಗಂಟೆ, ಒಂದೇ ಸಲಕ್ಕೆ 12 ಗಂಟೆ ಮೀರದ ದುಡಿಮೆ ಎಂದಿದೆ. ದೊಡ್ಡಾಸ್ಪತ್ರೆಗಳಲ್ಲಿ ದುಡಿದವರಿಗೆ ಇದು ಕಾಗದದ ಮೇಲಿನ ಮಾತೆಂದು ಗೊತ್ತು.

ದೀರ್ಘಕಾಲದ ದಣಿವು ಇನ್ನೂ ಆಳದ್ದು. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ರೂಪಿಸಿದ ಮಾಪಕ ಅದರ ಮೂರು ಮುಖಗಳನ್ನು ಗುರುತಿಸುತ್ತದೆ: ಮನಸ್ಸು ಬತ್ತುವುದು, ಎದುರಿನವರನ್ನು ಮನುಷ್ಯರೆಂದು ಕಾಣದಿರುವುದು, ತನ್ನ ಕೆಲಸಕ್ಕೆ ಬೆಲೆಯಿಲ್ಲವೆನಿಸುವುದು. ಎರಡನೆಯದು ಪರಾನುಭೂತಿಗೆ ನೇರ ವಿರುದ್ಧ.

*ಭಾಷೆ*

ಯಾದಗಿರಿ ಜಿಲ್ಲೆಯ ರೋಗಿ ತನ್ನ ನೋವನ್ನು ಪುಸ್ತಕದ ಕನ್ನಡದಲ್ಲಿ ಹೇಳುವುದಿಲ್ಲ. ‘ಎದ್ಯಾಗ ಕಸಿವಿಸಿ ಆಗ್ತದ’, ‘ಜೀವ ಕಳವಳಿಸ್ತದ’, ‘ಮೈಕೈ ಹರೀತಾವ’, ‘ತೆಲಿ ತಿರಗ್ತದ’ ಎನ್ನುತ್ತಾರೆ. ತಾಂಡಾದಿಂದ ಬಂದವರ ಮನೆಮಾತು ಲಂಬಾಣಿ. ಉರ್ದು, ತೆಲುಗು ಆಡುವವರೂ ಬಹಳ. ‘ಜೀವ ಕಳವಳ’ ಎಂಬುದು ಹೃದಯದ ತೊಂದರೆಯೋ ಮನಸ್ಸಿನ ಬೇಗುದಿಯೋ ರಕ್ತಹೀನತೆಯೋ ಎಂದು ತಿಳಿಯಲು ಇನ್ನೆರಡು ಪ್ರಶ್ನೆ ಬೇಕು; ಆ ಪ್ರಶ್ನೆ ಕೇಳಲು ಭಾಷೆ ಬೇಕು. ಭಾಷೆ ಬಾರದ ವೈದ್ಯರು ಎಷ್ಟೇ ಒಳ್ಳೆಯವರಿದ್ದರೂ ರೋಗಿಯ ಕಣ್ಣಿಗೆ ಬಿಗುಮಾನದವರಾಗಿ ಕಾಣುತ್ತಾರೆ.

ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟು ಸ್ಥಳೀಯ ವಿದ್ಯಾರ್ಥಿಗಳಿಗೆ ಮೀಸಲು. ಇದನ್ನು ಸಾಮಾನ್ಯವಾಗಿ ಅವಕಾಶದ ನ್ಯಾಯವೆಂದು ನೋಡುತ್ತೇವೆ. ರೋಗಿಯ ಕಡೆಯಿಂದ ನೋಡಿದರೆ ಇದು ತನ್ನ ಮಾತು ತಿಳಿಯುವ ವೈದ್ಯರು ಸಿಗುವ ದಾರಿಯೂ ಹೌದು.

*ಸಾಮಾಜಿಕ ಅಂತರ*

2009ರಲ್ಲಿ ಬೀಜಿಂಗ್‌ನಲ್ಲಿ ಚೀನೀಯರಿಗೂ ಬಿಳಿಯರಿಗೂ ನೋವಿನ ದೃಶ್ಯ ತೋರಿಸಿದಾಗ, ತಮ್ಮ ಜನಾಂಗದ ಮುಖಕ್ಕೆ ಮೆದುಳು ಹೆಚ್ಚು ಮಿಡಿಯಿತು, ಬೇರೆಯವರ ಮುಖಕ್ಕೆ ಕಡಿಮೆ. ನಮ್ಮಲ್ಲಿ ಜಾತಿ, ಹಣ, ಓದು, ಊರು-ಪಟ್ಟಣ ಇವೆಲ್ಲ ಅಂಥ ಗೆರೆ ಎಳೆಯಬಲ್ಲವು. ಮೈ ಮುಟ್ಟಿ ನೋಡದೆ ದೂರದಿಂದಲೇ ಚೀಟಿ ಬರೆದುಕೊಟ್ಟರೆ ರೋಗಿಗೆ ಅದರ ಅರ್ಥ ತಿಳಿಯುತ್ತದೆ. ಗಂಡಸು ವೈದ್ಯರ ಎದುರು ಮುಟ್ಟಿನ ತೊಂದರೆ ಹೇಳಲಾರದ ಹೆಣ್ಣುಮಕ್ಕಳು ಹೊಟ್ಟೆನೋವು ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಮುದುಕಿಯ ಕಾಯಿಲೆಯ ಮಾತು ಮಗನ ಜೊತೆ ನಡೆಯುತ್ತದೆ, ಮುದುಕಿ ಪಕ್ಕದಲ್ಲಿ ಕುಳಿತಿರುತ್ತಾಳೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಸೋಲಿಗರ ನಡುವೆಯೇ ಬಾಳಿ ವೈದ್ಯ ಮಾಡಿದ್ದು, ಈ ಅಂತರವನ್ನು ದಾಟುವ ದಾರಿಯೊಂದನ್ನು ನಮ್ಮ ನಾಡಿನಲ್ಲೇ ತೋರಿಸಿದೆ.

*ಭಯ*

ರೋಗಿ ತೀರಿಕೊಂಡಾಗ ಬಂಧುಗಳು ವೈದ್ಯರ ಮೇಲೆ ಕೈ ಮಾಡುವುದನ್ನು ತಡೆಯಲು ಕರ್ನಾಟಕ 2009ರಲ್ಲೇ ಪ್ರತ್ಯೇಕ ಕಾಯ್ದೆ ತಂದಿದೆ. ಹಲ್ಲೆಯ ಹೆದರಿಕೆಯಲ್ಲಿರುವ ವೈದ್ಯರು ಮನಬಿಚ್ಚಿ ಮಾತಾಡುವುದಿಲ್ಲ. ಕಡಿಮೆ ಮಾತಾಡಿ, ಹೆಚ್ಚು ಪರೀಕ್ಷೆ ಬರೆದು, ಬೇಗ ಮುಂದಿನ ಆಸ್ಪತ್ರೆಗೆ ಕಳಿಸುತ್ತಾರೆ. ಮಾತು ಕಡಿಮೆಯಾದಷ್ಟೂ ಅನುಮಾನ ಹೆಚ್ಚುತ್ತದೆ. ಇಲ್ಲಿ ಪರಾನುಭೂತಿ ಎರಡೂ ಕಡೆಯಿಂದ ಹರಿಯಬೇಕು.

*ಸ್ವಂತ ನೋವು*

ಬೆಂಗಳೂರಿನ ಡಾ. ಪ್ರೇಮಾ ಧನರಾಜ್ 8 ವರ್ಷದ ಬಾಲಕಿಯಾಗಿದ್ದಾಗ ಸ್ಟೌ ಸಿಡಿದು ತೀವ್ರವಾಗಿ ಸುಟ್ಟುಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಚಿಕಿತ್ಸೆ ಪಡೆದ ಅವರು ಮುಂದೆ ಅದೇ ಸಂಸ್ಥೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ಆದರು. 1999ರಲ್ಲಿ ಸುಟ್ಟಗಾಯದವರ ನೆರವಿಗೆ ‘ಅಗ್ನಿ ರಕ್ಷಾ’ ಸಂಸ್ಥೆ ಕಟ್ಟಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎಲ್ಲ ವೈದ್ಯರೂ ರೋಗಿಯಾಗಿ ನರಳಲಿ ಎಂದು ಯಾರೂ ಬಯಸಲಾರರು. ಆದರೆ ಹಾಸಿಗೆಯಲ್ಲಿ ಮಲಗಿದವರ ಲೋಕವನ್ನು ವಿದ್ಯಾರ್ಥಿಗೆ ಹತ್ತಿರದಿಂದ ತೋರಿಸುವ ಶಿಕ್ಷಣ ಸಾಧ್ಯ.

ಕಲಿಸಬಹುದೇ?

ಕಲಿಸಬಹುದು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಹೆಲೆನ್ ರೀಸ್ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 99 ಕಿರಿಯ ವೈದ್ಯರಿದ್ದರು. ಅವರಲ್ಲಿ ಒಂದು ಗುಂಪಿಗೆ ತಲಾ ಒಂದು ಗಂಟೆಯ ಮೂರು ಪಾಠಗಳನ್ನು ಕೊಟ್ಟರು. ರೋಗಿಗಳು ‘ಕೇರ್’ ಮಾಪಕದಲ್ಲಿ ಕೊಟ್ಟ ಅಂಕ ತರಬೇತಿ ಪಡೆದವರಲ್ಲಿ ಸುಧಾರಿಸಿತು.

ಭಾರತದಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು 2018ರಲ್ಲಿ ‘ಎಟ್‌ಕಾಮ್’ ಪಠ್ಯವನ್ನು ಸಿದ್ಧಪಡಿಸಿತು. ಮನೋಭಾವ, ನೀತಿ, ಸಂವಹನ ಇದರ ವಿಷಯ. 2019ರಲ್ಲಿ ಸೇರಿದ ಎಂಬಿಬಿಎಸ್ ವಿದ್ಯಾರ್ಥಿಗಳಿಂದ ಇದು ಕಡ್ಡಾಯ. ಕೆಟ್ಟ ಸುದ್ದಿ ತಿಳಿಸುವುದು ಹೇಗೆ, ಒಪ್ಪಿಗೆ ಪಡೆಯುವುದು ಹೇಗೆ ಎಂಬುದೆಲ್ಲ ಈಗ ಪಾಠದ ಭಾಗ. 2022ರಿಂದ ಬಂದ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ವರ್ಷಗಟ್ಟಲೆ ಭೇಟಿಮಾಡುತ್ತಿರಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ವಿದ್ಯಾರ್ಥಿಗಳನ್ನು ಹಳ್ಳಿಯಲ್ಲಿ ಉಳಿಸಿ ಅಲ್ಲಿಯ ಬದುಕಿಗೆ ಪರಿಚಯಿಸುವ ಪದ್ಧತಿಯನ್ನು ಅದಕ್ಕೂ ಬಹಳ ಮುಂಚಿನಿಂದ ನಡೆಸಿಕೊಂಡು ಬಂದಿದೆ.

ರಂಗಭೂಮಿಯೂ ಒಂದು ದಾರಿ. ಬ್ರೆಜಿಲ್‌ನ ಆಗಸ್ಟೋ ಬೋಲ್ ರೂಪಿಸಿದ ದಮನಿತರ ರಂಗಭೂಮಿಯನ್ನು ಬೆಂಗಳೂರಿನ ರಾಧಾ ರಾಮಸ್ವಾಮಿ ಅವರು ದೆಹಲಿಯ ವೈದ್ಯ ಅಧ್ಯಾಪಕರ ಜೊತೆಗೂಡಿ ವೈದ್ಯ ವಿದ್ಯಾರ್ಥಿಗಳ ಬಳಿಗೆ ಒಯ್ದರು. ಇಲ್ಲಿ ವಿದ್ಯಾರ್ಥಿಯೇ ರೋಗಿಯ ಪಾತ್ರ ವಹಿಸಿ, ಬೈಸಿಕೊಂಡು, ಕಾದು, ಸೋತು ನೋಡುತ್ತಾನೆ. ಬಯಲಾಟ, ದೊಡ್ಡಾಟಗಳ ಸೀಮೆಯಾದ ಯಾದಗಿರಿಗೆ ಈ ವಿಧಾನ ಪರಕೀಯವೆನಿಸಲಾರದು.

ಯಾದಗಿರಿಯಲ್ಲಿ ಅಳೆಯುವುದಾದರೆ

ಯಾದಗಿರಿ 2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಇಲ್ಲಿಯ ಜನಸಂಖ್ಯೆ 11.74 ಲಕ್ಷ, ಸಾಕ್ಷರತೆ ಶೇ. 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. 2018ರಲ್ಲಿ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ರಾಜ್ಯದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ. 2022ರಲ್ಲಿ ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 150 ಎಂಬಿಬಿಎಸ್ ಸೀಟುಗಳೊಂದಿಗೆ ಆರಂಭವಾಯಿತು. ಹೊಸ ಕಾಲೇಜಿಗೆ ಒಂದು ಅನುಕೂಲವಿದೆ: ಹಳೆಯ ಅಭ್ಯಾಸಗಳ ಭಾರವಿಲ್ಲದೆ ಮೊದಲಿಂದಲೇ ಸರಿಯಾಗಿ ಶುರುಮಾಡಬಹುದು.

ಇಲ್ಲಿ ರೋಗಿಯ ಮಾತಿನಿಂದ ಅಳೆಯಬೇಕಾದರೆ ಮುದ್ರಿತ ಪ್ರಶ್ನಾವಳಿ ಸಾಲದು. ಅರ್ಧದಷ್ಟು ಜನ ಓದಲಾರರು. ಅವರನ್ನು ಬಿಟ್ಟು ಮಾಡಿದ ಅಳತೆ ಓದಿದವರ ಅಳತೆಯಷ್ಟೇ ಆಗುತ್ತದೆ. ಪ್ರಶ್ನೆಗಳನ್ನು ಇಲ್ಲಿಯ ಆಡುಮಾತಿಗೆ ತಂದು, ಮತ್ತೆ ಬೇರೊಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ, ಅರ್ಥ ಕದಲಿಲ್ಲವೆಂದು ಖಚಿತಪಡಿಸಿಕೊಂಡು ಬಾಯಿಂದ ಕೇಳಬೇಕು. ಲಂಬಾಣಿ, ಉರ್ದು, ತೆಲುಗಿನಲ್ಲೂ ಇದೇ ಕ್ರಮ. ‘ಐದರಲ್ಲಿ ಎಷ್ಟು ಅಂಕ’ ಎಂಬ ಪ್ರಶ್ನೆ ಹಲವರಿಗೆ ಅಪರಿಚಿತ. ಗ್ರಾಮಮಟ್ಟದ ಸಹಭಾಗಿ ಅಧ್ಯಯನಗಳಲ್ಲಿ ಕಾಳು, ಹರಳುಗಳನ್ನು ಇಟ್ಟು ಅಭಿಪ್ರಾಯ ತೂಗುವ ರೂಢಿಯಿದೆ. ಐದು ತೊಗರಿಕಾಳು ಕೊಟ್ಟು, ‘ಡಾಕ್ಟರು ನಿಮ್ಮ ಮಾತು ಪೂರಾ ಕೇಳಿದ್ರ ಐದೂ ಇಡ್ರಿ, ಕೇಳಲಿಕ್ಕಿಲ್ಲಂದ್ರ ಒಂದ ಇಡ್ರಿ’ ಎಂದರೆ ಯಾರಿಗಾದರೂ ತಿಳಿಯುತ್ತದೆ.

ಕೇಳುವ ಜಾಗವೂ ಮುಖ್ಯ. ಆಸ್ಪತ್ರೆಯ ಜಗಲಿಗಿಂತ ಮನೆಯಲ್ಲಿ, ಕೆಲವು ದಿನ ಬಿಟ್ಟು, ಆ ಆಸ್ಪತ್ರೆಗೆ ಸೇರದವರು ಕೇಳಿದರೆ ನಿಜ ಹೊರಬರುತ್ತದೆ. ಹೆಣ್ಣುಮಕ್ಕಳನ್ನು ಹೆಣ್ಣುಮಕ್ಕಳೇ, ಒಂಟಿಯಾಗಿರುವಾಗ ಕೇಳಬೇಕು. ಹೆಸರು ಬಹಿರಂಗವಾಗಬಾರದು.

ಬಂದ ಫಲಿತಾಂಶವನ್ನು ವೈದ್ಯರನ್ನು ದಂಡಿಸಲು ಬಳಸಿದರೆ ಎಲ್ಲವೂ ಕೆಟ್ಟಿತು. ಹೆದರಿದ ವೈದ್ಯರು ನಗು ನಟಿಸುವುದನ್ನು ಕಲಿಯುತ್ತಾರೆ, ಅಷ್ಟೆ. ಒಂದು ಆಸ್ಪತ್ರೆಯ ಅಂಕ ಕಡಿಮೆ ಬಂದರೆ ಮೊದಲು ಕೇಳಬೇಕಾದದ್ದು: ಅಲ್ಲಿ ಎಷ್ಟು ಹುದ್ದೆ ಖಾಲಿಯಿವೆ? ಒಬ್ಬರು ಎಷ್ಟು ರಾತ್ರಿ ಸತತವಾಗಿ ದುಡಿಯುತ್ತಿದ್ದಾರೆ? ರೋಗಿಯ ಭಾಷೆ ಬಲ್ಲವರು ಇದ್ದಾರೆಯೇ? ಪರದೆ ಎಳೆದು ಪರೀಕ್ಷಿಸಲು ಜಾಗ ಇದೆಯೇ? ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಸರ್ಕಾರ ಮತ್ತು ಆಡಳಿತ. ಇವೆಲ್ಲ ಸರಿಯಿದ್ದೂ ರೋಗಿಗಳು ಒಂದೇ ಕಾಳು ಇಟ್ಟರೆ, ಆಗ ಆ ವೈದ್ಯರಿಗೆ ತರಬೇತಿ ಬೇಕು.

ಓದುಗರಿಗೆ

ಕರ್ನಾಟಕದ 2012ರ ಕಾಯ್ದೆ ವೈದ್ಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆಯನ್ನು ವಿಧಿಸಿತು. ಸೇವೆಗೆ ಬರುವ ಎಳೆಯ ವೈದ್ಯರು ಈ ಸೀಮೆಗೆ ಹೊಸಬರಾಗಿರಬಹುದು. ಅವರಿಗೆ ಊರಿನ ಮಾತು ಕಲಿಸುವುದು, ಊರಿನ ಕಷ್ಟ ತೋರಿಸುವುದು, ಮರ್ಯಾದೆಯಿಂದ ನಡೆಸಿಕೊಳ್ಳುವುದು ನಮ್ಮ ಪಾಲಿನ ಕೆಲಸ. ರೋಗಿಯಾಗಿ ಹೋದಾಗ ಹೇಳಬೇಕಾದ ಮೂರು ಮುಖ್ಯ ಮಾತುಗಳನ್ನು ಮನೆಯಲ್ಲೇ ಯೋಚಿಸಿಕೊಂಡು ಹೋಗಿ. ತಿಳಿಯದ್ದನ್ನು ‘ಇನ್ನೊಮ್ಮೆ ಹೇಳ್ರಿ’ ಎಂದು ಕೇಳಿ. ಅದು ನಿಮ್ಮ ಹಕ್ಕು. ವೈದ್ಯರು ದಿನಕ್ಕೆ ನೂರು ಜನರನ್ನು ನೋಡುತ್ತಿದ್ದರೆ ಇನ್ನೊಬ್ಬ ವೈದ್ಯರನ್ನು ನೇಮಿಸಿ ಎಂದು ಗ್ರಾಮಸಭೆಯಲ್ಲಿ, ಶಾಸಕರ ಎದುರಿನಲ್ಲಿ ಒತ್ತಾಯಿಸಿ. ವೈದ್ಯರ ಅಂತಃಕರಣವನ್ನು ಕಾಪಾಡುವುದೂ ಆರೋಗ್ಯ ಸೇವೆಯ ಭಾಗ. ಅದಕ್ಕೆ ಸಮಯ, ನಿದ್ದೆ, ಭಾಷೆ, ತರಬೇತಿ, ಸುರಕ್ಷತೆ ಐದೂ ಬೇಕು, ಮತ್ತು ಈ ಐದೂ ಒದಗುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೂ ಇದೆ.